ಗೋಡೌನ್ ಹೋಮ್‌ಸ್ಟೇ ಮತ್ತು ಹೇಳಿದಷ್ಟೇ ಕೇಳುವ ಬ್ರೌಸರ್

ನಮ್ಮ ಕಡೆ ಮಳೆ ಹೇಳಿದ ಮಾತು ಕೇಳುವುದಿಲ್ಲ. ಕರೆಂಟೂ ಕೇಳುವುದಿಲ್ಲ. ಬ್ರೌಸರ್ ಮಾತ್ರ ಹೇಳಿದ್ದನ್ನು ಹೇಳಿದಷ್ಟೇ ಕೇಳುತ್ತದೆ. ಮೂರರಲ್ಲಿ ಹೆಚ್ಚು ಫಜೀತಿ ತರುವುದು ಈ ಕೊನೆಯದೇ ಎಂದು ಕಳೆದ ಕೊಯ್ಲಿನ ಹೊತ್ತಿಗೆ ನನಗೆ ಖಚಿತವಾಯಿತು. ಈಗಲೂ ಇಂಥದ್ದು ನಡೆಯುತ್ತಲೇ ಇರುತ್ತದೆ. ಕೆಲವನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

೧. ಗೌಡ್ರ ಕಾಫಿ

ನಾನು ಬಿ.ಎಸ್ಸಿ. ಮುಗಿಸಿದವಳು. ಮೂಡಿಗೆರೆಯಲ್ಲಿ ಒಂದು ಚಿಕ್ಕ ಕೋಣೆ ಹಿಡಿದು ಅಂಗಡಿಗಳಿಗೆ, ಹೋಮ್‌ಸ್ಟೇಗಳಿಗೆ ವೆಬ್ ಪುಟ ಮಾಡಿಕೊಡುತ್ತೇನೆ. ಮನೆ ಇರುವುದು ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ. ನಮ್ಮ ಚೂರು ತೋಟಕ್ಕೆ ತಾಗಿಕೊಂಡು ಒಂದು ದೊಡ್ಡ ಎಸ್ಟೇಟ್ ಇದೆ. ಅದರ ಯಜಮಾನರನ್ನು ಊರೆಲ್ಲ ಗೌಡ್ರು ಎನ್ನುತ್ತದೆ. ಅವರ ಸೊಸೆಯನ್ನು ನಾನು ಅಕ್ಕ ಎನ್ನುತ್ತೇನೆ.

ಅಕ್ಕನಿಗೆ ಹೋಮ್‌ಸ್ಟೇ ಮಾಡುವ ಆಸೆ. ಗೌಡ್ರಿಗೆ ಅದು ಬೇಡ. ಅವರ ಮನೆ ಪಕ್ಕ ಒಂದು ಗೋಡೌನ್. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದರ ಮೂಟೆಗಳನ್ನು ಇಡುವುದು ಅಲ್ಲಿ. ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ಅಕ್ಕ ಹಟ ಹಿಡಿದು ಅದಕ್ಕೆ ಸುಣ್ಣ ಹೊಡೆಸಿ, ನಡುವೆ ಗೋಡೆ ಎಬ್ಬಿಸಿ, ಎರಡು ರೂಮ್ ಮಾಡಿಸಿದಳು. ಬಾಗಿಲಿಗೆ ಕೆಂಪು ಬಣ್ಣ ಬಳಿಸಿದಳು. ಗೌಡ್ರು ಜಗಲಿಯಲ್ಲಿ ಕೂತು ಷರತ್ತು ಹಾಕಿದರು.

"ಈ ಸಲದ ಮೊದಲ್ನೇ ಪಾರ್ಚ್‌ಮೆಂಟ್ ಕಣದಲ್ಲಿ ಒಣಗೋದ್ರೊಳಗೆ ದುಡ್ಡು ಕೊಟ್ಟು ಮಲಗೋ ಒಬ್ಬ ಗಿರಾಕಿ ಬರ್ಬೇಕು. ಬಂದ್ರೆ ರೂಮು. ಬರ್ಲಿಲ್ವಾ, ಮೂಟೆ."

ಮಾರನೆ ದಿನವೇ ಅಕ್ಕ ನನ್ನನ್ನು ಕರೆಸಿದಳು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಗೌಡ್ರು ಕುರ್ಚಿ ಹತ್ತಿರ ಎಳೆದುಕೊಂಡರು.

"ಎಂಥ ಬರೀತಿ ಅದ್ರಲ್ಲಿ?"

"ಎಚ್‌ಟಿಎಂಎಲ್ ಗೌಡ್ರೇ, ವೆಬ್ ಪುಟದ ಭಾಷೆ. ಮೊದಲಾದ್ರೆ ಫೋನ್ ನಡುಗ್ಬೇಕು, ಮಾತಾಡ್ಬೇಕು, ದೂರ ತೋರಿಸ್ಬೇಕು ಅಂದ್ರೆ ಪುಟಗಟ್ಲೆ ಕೋಡ್ ಬರೀಬೇಕಿತ್ತು. ಈಗ ಅದಕ್ಕೆ ಅಂತ್ಲೇ ಯಾರೋ ಬರೆದಿಟ್ಟ ಕೋಡಿನ ಒಂದು ಸಣ್ಣ ಲೈಬ್ರರಿ ಸೇರಿಸ್ಕೊಂಡಿದೀನಿ. ಪುಟದ ಒಂದೊಂದು ಭಾಗಕ್ಕೂ ಬೇಲಿ ಥರ ಒಂದು ಗುರುತು ಇರುತ್ತೆ, ಟ್ಯಾಗ್ ಅಂತ. ಅದ್ರೊಳಗೆ ಒಂದು ಪದ ಹಾಕಿದ್ರೆ ಸಾಕು. ಎಂಥ ಬೇಕು ಅಂತ ಹೇಳೋದಷ್ಟೇ. ಹೆಂಗೆ ಮಾಡ್ಬೇಕು ಅಂತ ಹೇಳೋದು ಬೇಡ. ಉಳಿದದ್ದು ಬ್ರೌಸರ್ ನೋಡ್ಕೊಳ್ಳುತ್ತೆ."

ಗೌಡ್ರು ಅಡುಗೆಮನೆಯ ಕಡೆ ಮುಖ ತಿರುಗಿಸಿ, "ಕಾಫಿ," ಎಂದರು.

ನೀರು ಕಾಯಿಸು ಎನ್ನಲಿಲ್ಲ. ಹಾಲು ಹಾಕು ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಎರಡು ಲೋಟ ತಂದಿಟ್ಟು ಹೋದಳು. ಗೌಡ್ರು ಒಂದು ಗುಟುಕು ಕುಡಿದು ನನ್ನನ್ನು ಕನಿಕರದಿಂದ ನೋಡಿದರು.

"ಇಷ್ಟಕ್ಕೆ ಮೂರು ವರ್ಷ ಓದಿದ್ಯಾ? ನಾನು ಇದನ್ನ ಮದ್ವೆಗೆ ಮುಂಚಿಂದ್ಲೂ ಮಾಡ್ತಿದೀನಿ."

ಒಳಗಿನಿಂದ ಅಕ್ಕನ ದನಿ ಬಂತು. "ಹಂಗಾದ್ರೆ ಬ್ರೌಸರ್ ನಾನಾ ಮಾರಾಯ್ತಿ?"

೨. ನಡೆದು ಹೋದ ಬುಕಿಂಗ್

ನಮ್ಮ ಕಡೆ ಪ್ರತಿ ಮನೆಯಲ್ಲೂ ನೆಟ್‌ವರ್ಕ್ ಸಿಗುವ ಜಾಗ ಒಂದೇ ಇರುತ್ತದೆ. ಕೆಲವರಿಗೆ ಬಚ್ಚಲ ಬಾಗಿಲು, ಕೆಲವರಿಗೆ ಪೇರಲೆ ಮರದ ಕವಲು. ಅಕ್ಕನ ಮನೆಯಲ್ಲಿ ಅದು ಅಡುಗೆಮನೆಯ ಕಿಟಕಿ ಕಟ್ಟೆ. ಅವಳ ಫೋನು ಅಲ್ಲೇ, ಉಪ್ಪಿನಕಾಯಿ ಜಾಡಿಗೆ ಒರಗಿ ವಾಸ ಮಾಡುತ್ತಿತ್ತು.

ಬುಕಿಂಗ್ ಬರುವ ಪುಟ ಸದಾ ತೆರೆದಿರಬೇಕು. ಅದಕ್ಕೆ ಪರದೆ ಆರದಂತೆ ನೋಡಿಕೊಳ್ಳುವ ಒಂದು ಪದ ಹಾಕಿದೆ. ಬುಕಿಂಗ್ ಬಂದಾಗ ಫೋನು ನಡುಗಲು ಇನ್ನೊಂದು ಪದ. ಎಷ್ಟು ಹೊತ್ತು ನಡುಗಬೇಕು ಎಂಬುದನ್ನೂ ಅದರ ಪಕ್ಕವೇ ಬರೆಯಬಹುದು.

"ಸಣ್ಣಕ್ಕೆ ಬೇಡ," ಎಂದಳು ಅಕ್ಕ. "ಮಿಕ್ಸಿ ತಿರುಗ್ತಿದ್ರೂ ನಂಗೆ ಗೊತ್ತಾಗ್ಬೇಕು."

ಜಾಸ್ತಿ ಮಾಡಿದೆ. ನನ್ನ ಮರದ ಮೇಜಿನ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಫೋನು ಇದ್ದಲ್ಲೇ ನಡುಗಿತು. ಅಕ್ಕನ ಕಿಟಕಿ ಕಟ್ಟೆ ನುಣ್ಣಗಿನ ಕಲ್ಲಿನದು, ಮಳೆನೀರು ಹೊರಗೆ ಹರಿಯಲೆಂದು ತುಸು ಇಳಿಜಾರಾಗಿದೆ, ಕಿಟಕಿಯ ಹೊರಗೆ ಕೆಳಗಡೆ ಹಸುವಿನ ಕಲಗಚ್ಚಿನ ಬಕೆಟ್ ಇದೆ ಎಂಬ ಮೂರು ಅಂಶಗಳು ನನ್ನ ಪರೀಕ್ಷೆಯಲ್ಲಿ ಇರಲಿಲ್ಲ.

ಮೊದಲ ಬುಕಿಂಗ್ ಬಂದಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಫೋನು ಗುರ್ ಎಂದಿತು. ಜಾಡಿಯನ್ನು ಬಿಟ್ಟಿತು. ಗುರ್ ಗುರ್ ಎನ್ನುತ್ತ ಕಟ್ಟೆಯ ಉದ್ದಕ್ಕೂ ನಡೆಯಿತು. ಕಿಟಕಿಯ ಸರಳಿನ ಸಂದಿಯಲ್ಲಿ ಒಂದು ಸಲ ನಿಂತು, ಮತ್ತೆ ಗುರ್ ಎಂದು, ಕೆಳಗಿಳಿಯಿತು. ಅಕ್ಕ ಓಡಿ ಬರುವಷ್ಟರಲ್ಲಿ ಬಕೆಟ್ಟಿನೊಳಗಿಂದ ಸದ್ದು ಬರುತ್ತಿತ್ತು. ಬಾಯಿ ಹಾಕಿದ್ದ ಹಸು ನಾಲ್ಕು ಹೆಜ್ಜೆ ಹಿಂದೆ ಸರಿದು, ತನ್ನ ಊಟವನ್ನು ಅನುಮಾನದಿಂದ ನೋಡುತ್ತ ನಿಂತಿತ್ತು.

ಫೋನನ್ನು ತೊಳೆದು, ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಅದು ಉಸಿರಾಡುವ ಹೊತ್ತಿಗೆ ಆ ಗಿರಾಕಿಗಳು ಉತ್ತರ ಬರಲಿಲ್ಲವೆಂದು ಅತ್ತಿಗುಂಡಿಯ ಕಡೆ ರೂಮ್ ಮಾಡಿಕೊಂಡಿದ್ದರು.

"ಗಿರಾಕಿ ಬಂದಿದ್ದು ನಿಜ ಮಾವ," ಎಂದಳು ಅಕ್ಕ. "ಲೆಕ್ಕಕ್ಕೆ ತಗೊಳ್ಳಿ."

ಗೌಡ್ರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು.

"ಬಂದಿದ್ದು ನಿಜ. ಇಳ್ಕೊಂಡಿದ್ದು ಕಲಗಚ್ಚಿನಲ್ಲಿ. ಬಾಡಿಗೆ ಹಸು ಹತ್ರ ಕೇಳು."

೩. ರೂಮ್ ತುಂಬಿತು

ಹೀಗೆ ಕಾಯುವುದಕ್ಕಿಂತ ನಾಲ್ಕು ಜನಕ್ಕೆ ತಿಳಿಸುವುದು ಒಳ್ಳೆಯದು ಎಂದು ಪುಟದ ಕೆಳಗೆ ಒಂದು ಬಟನ್ ಇಟ್ಟೆ. ಅದರ ಟ್ಯಾಗಿನಲ್ಲಿ ‘ಶೇರ್’ ಎಂಬ ಪದ. ಒತ್ತಿದರೆ ಫೋನಿನದೇ ಪಟ್ಟಿ ಮೇಲೆದ್ದು, ಯಾರಿಗೆ ಕಳಿಸಲಿ ಎನ್ನುತ್ತದೆ. ಜೊತೆಗೆ ಹೋಗುವ ಸಾಲುಗಳನ್ನು ಅಕ್ಕನೇ ಹೇಳಿ ಬರೆಸಿದಳು. "ನಮ್ಮ ತೋಟದಲ್ಲಿ ಎರಡು ಹೊಸ ರೂಮ್ ರೆಡಿಯಾಗಿದೆ. ಅಕ್ಕಿ ರೊಟ್ಟಿ, ಕೋಳಿ ಸಾರು ಸಿಗುತ್ತದೆ. ಖಂಡಿತ ಬನ್ನಿ."

ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ನೆಂಟರ ಗುಂಪು. ಅವರು ಮುಂದಕ್ಕೆ ಕಳಿಸುತ್ತಾರೆ, ಅಲ್ಲಿಂದ ಇನ್ನೊಬ್ಬರು ಕಳಿಸುತ್ತಾರೆ ಎಂದು ಅಕ್ಕ ಅದನ್ನೇ ಒತ್ತಿದಳು.

ನೆಂಟರು ಯಾರೂ ಮುಂದಕ್ಕೆ ಕಳಿಸಲಿಲ್ಲ. ಅವರೇ ಬಂದರು.

ನಮ್ಮಲ್ಲಿ ‘ಖಂಡಿತ ಬನ್ನಿ’ ಎಂದು ಮನೆಯ ಸೊಸೆ ಬರೆದ ಮೇಲೆ ಅದು ಜಾಹೀರಾತಲ್ಲ. ಹೋಗದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರೆ. ಶನಿವಾರ ಬೆಳಗ್ಗೆ ಎರಡು ಜೀಪು, ಒಂದು ಕಾರು ಅಂಗಳಕ್ಕೆ ಬಂದು ನಿಂತವು. ಬಾಳೆಗೊನೆ ಇಳಿಯಿತು. ಜೇನಿನ ಬಾಟ್ಲಿ ಇಳಿಯಿತು. ಕಾಲು ಕಟ್ಟಿದ ಒಂದು ಹುಂಜ ಇಳಿಯಿತು. ಎರಡೂ ರೂಮ್ ತುಂಬಿ, ಹಾಲ್ ತುಂಬಿ, ಜಗಲಿಯಲ್ಲಿ ಇಸ್ಪೀಟು ಶುರುವಾಯಿತು. ಎಲ್ಲರಿಗಿಂತ ಖುಷಿಯಾಗಿದ್ದವರು ಗೌಡ್ರು. ಅಕ್ಕ ಒಲೆಯ ಮುಂದಿನಿಂದ ಏಳಲೇ ಇಲ್ಲ.

ಭಾನುವಾರ ಹೊರಡುವಾಗ ಗೌಡ್ರ ತಂಗಿ ಅಕ್ಕನನ್ನು ಪಕ್ಕಕ್ಕೆ ಕರೆದು, "ಎಷ್ಟಾಯ್ತೆ ಹುಡ್ಗಿ?" ಎಂದು ಮೆಲ್ಲಗೆ ಕೇಳಿದರು.

"ಅಯ್ಯೋ ಅತ್ತೆ, ಎಂಥ ಮಾತು ಅಂತ ಆಡ್ತೀರಿ!" ಎಂದಳು ಅಕ್ಕ. ಮತ್ತೇನು ಹೇಳಲು ಸಾಧ್ಯ? ದುಡ್ಡು ತೆಗೆದುಕೊಳ್ಳುವುದಿರಲಿ, ಹೊರಟವರ ಕೈಗೆಲ್ಲ ಕಾಫಿ ಪುಡಿ, ಕಾಳುಮೆಣಸಿನ ಪೊಟ್ಟಣ ಕೊಟ್ಟು ಕಳಿಸಿದಳು.

ಅತ್ತೆ ಮಾತ್ರ ಋಣ ಇಟ್ಟುಕೊಳ್ಳಲಿಲ್ಲ. ಮನೆಗೆ ಹೋಗಿ ಪುಟದಲ್ಲಿ ಐದು ನಕ್ಷತ್ರ ಕೊಟ್ಟು ಬರೆದರು: "ಸ್ವಂತ ಮನೆಯ ಹಾಗೇ ಇತ್ತು."

ಅವರು ಹುಟ್ಟಿ ಬೆಳೆದಿದ್ದು ಅದೇ ಮನೆಯಲ್ಲಿ.

೪. ಕಿಟಕಿ ಓದಿದ್ದು

ನಡುಗುವ ಪದವನ್ನು ಆಗಲೇ ತೆಗೆದುಹಾಕಿದ್ದೆ. ಆದರೆ ಬುಕಿಂಗ್ ಬಂದದ್ದು ಅಕ್ಕನಿಗೆ ಗೊತ್ತಾಗಬೇಕಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಪದವೂ ಇದೆ. ‘ಹೊಸ ಬುಕಿಂಗ್ ಬಂದಿದೆ’ ಎಂಬ ಒಂದು ಸಾಲನ್ನು ಓದಿದರೆ ಸಾಕು. ಫೋನಿಗೆ ಒಂದು ಸ್ಪೀಕರ್ ಜೋಡಿಸಿ, ಅದನ್ನೂ ಕಿಟಕಿಯಲ್ಲೇ ಇಟ್ಟು, ಈ ಸಲ ಎರಡನ್ನೂ ಸರಳಿಗೆ ದಾರದಿಂದ ಕಟ್ಟಿ ಬಂದೆ.

ಪದ ಸರಿಯಾಗಿಯೇ ಇತ್ತು. ಅದನ್ನು ಹಾಕಿದ ಟ್ಯಾಗ್ ಒಂದು ಸುತ್ತು ಹೊರಗಿನದಾಗಿತ್ತು. ಆ ಟ್ಯಾಗಿನೊಳಗೆ ಊಟದ ಪಟ್ಟಿ ಪೂರ್ತಿ ಇತ್ತು. ಬುಕಿಂಗ್ ಬರಲಿ, ಬಿಡಲಿ, ಪುಟ ಹೊಸದಾದಾಗಲೆಲ್ಲ ಬ್ರೌಸರ್ ತನಗೆ ಹೇಳಿದ್ದನ್ನು ಶ್ರದ್ಧೆಯಿಂದ ಮಾಡತೊಡಗಿತು. ಅಕ್ಕ ಆ ವಾರ ಫೋನನ್ನು ಕಿಟಕಿಯಲ್ಲೇ ಬಿಟ್ಟು ತವರಿಗೆ ಹೋಗಿದ್ದಳು. ಗೌಡ್ರು ರೇಡಿಯೋ ಎಂದುಕೊಂಡು ಸುಮ್ಮನಿದ್ದರು.

ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಬೇಗ ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯುವ ಮೊದಲ ಸುತ್ತು. ಜನ ಕಡಿಮೆ. ಹತ್ತಿರದ ಮರಗಳನ್ನು ಕೊಯ್ಯುವವರು ಮಧ್ಯಾಹ್ನ ಊಟಕ್ಕೆ ಕೂರುವುದು ಕಣದ ಅಂಚಿನಲ್ಲಿ, ಅಡುಗೆಮನೆಯ ಕಿಟಕಿಯ ಎದುರಿಗೆ. ಅವರು ತಮ್ಮ ಬುತ್ತಿ ಬಿಚ್ಚುತ್ತಿದ್ದ ಹಾಗೆ ಕಿಟಕಿಯಿಂದ ಒಬ್ಬ ಹೆಣ್ಣುಮಗಳ ಸ್ಪಷ್ಟವಾದ ದನಿ ಹೊರಡುತ್ತಿತ್ತು.

"ಅಕ್ಕಿ ರೊಟ್ಟಿ. ಕಡುಬು. ನಾಟಿ ಕೋಳಿ ಸಾರು. ಅಣಬೆ ಪಲ್ಯ. ಏಲಕ್ಕಿ ಪಾಯಸ. ಎಲ್ಲವನ್ನೂ ಬಿಸಿಬಿಸಿಯಾಗಿ ಬಡಿಸಲಾಗುವುದು."

ಮೊದಲ ದಿನ ಅವರು ತಟ್ಟೆ ತೊಳೆದುಕೊಂಡು ಕಾದರಂತೆ. ಎರಡನೇ ದಿನವೂ ಸ್ವಲ್ಪ ಹೊತ್ತು ಕಾದರಂತೆ. ವಾರ ಕಳೆದ ಮೇಲೆ, ಕೊಯ್ಲಿನವರನ್ನು ನೋಡಿಕೊಳ್ಳುವ ಮೇಸ್ತ್ರಿ ಎಲ್ಲರ ಪರವಾಗಿ ಜಗಲಿಯ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಗೌಡ್ರೇ, ಕೊಡೋಕಾಗ್ಲಿಲ್ಲ ಅಂದ್ರೆ ಬೇಡ. ದಯವಿಟ್ಟು ಓದಿ ಮಾತ್ರ ಹೇಳ್ಬೇಡಿ."

೫. ಮೂರು ಸಲ

ಮಾರನೆ ದಿನ ಗೌಡ್ರು ಎಲ್ಲರಿಗೂ ಕಡುಬು, ಕೋಳಿ ಸಾರು ಮಾಡಿಸಿ ಹಾಕಿಸಿದರು. ನಾನು ಪದವನ್ನು ಒಳಗಿನ ಟ್ಯಾಗಿಗೆ ಸರಿಸಿದೆ. ತವರಿನಿಂದ ಬಂದ ಅಕ್ಕ, "ಇದುವರೆಗೆ ನಮ್ಮ ಹೋಮ್‌ಸ್ಟೇಲಿ ಎಲ್ರೂ ಊಟ ಮಾಡಿದ್ರು, ಒಬ್ರೂ ದುಡ್ಡು ಕೊಡ್ಲಿಲ್ಲ," ಎಂದಳು. ನಗುತ್ತಲೇ ಅಂದಳು. ಆದರೆ ಕಣದ ಕಡೆ ನೋಡಿದಳು. ಮೊದಲ ಪಾರ್ಚ್‌ಮೆಂಟ್ ಅಲ್ಲಿ ಬಿಸಿಲಿಗೆ ಹರಡಿತ್ತು.

ಇನ್ನು ಉಳಿದದ್ದು ದಾರಿ. ನೋಡುವವರು ಎಲ್ಲಿದ್ದಾರೆ, ಅಲ್ಲಿಂದ ನಮ್ಮ ರೂಮು ಎಷ್ಟು ದೂರ ಎಂದು ತೋರಿಸುವ ಪದ ಹಾಕಿದೆ. ಈ ಒಂದಕ್ಕೆ ಬ್ರೌಸರ್ ಮೊದಲು ಅನುಮತಿ ಕೇಳುತ್ತದೆ. ನೀವಿರುವ ಜಾಗ ಈ ಪುಟಕ್ಕೆ ತಿಳಿಸಬಹುದೇ ಎಂದು. ಅಡುಗೆಮನೆಯ ಕಿಟಕಿಯ ಹತ್ತಿರವೇ ಮೂರು ಫೋನಿನಲ್ಲಿ ಪರೀಕ್ಷೆಗೆ ಇಟ್ಟೆ. ಗೌಡ್ರದು, ಅಕ್ಕನದು, ಮೇಸ್ತ್ರಿಯದು. ಗೌಡ್ರೂ ಮೇಸ್ತ್ರಿಯೂ ‘ಬೇಡ’ ಒತ್ತಿದರು. ಒತ್ತಿದ ಮೇಲೂ ಫೋನ್ ಕೆಳಗಿಡಲಿಲ್ಲ. ನೋಡುತ್ತಲೇ ಕೂತರು.

"ಎಲ್ಲಿ, ಮತ್ತೆ ಕೇಳ್ಲೇ ಇಲ್ಲ?" ಎಂದರು ಗೌಡ್ರು.

"ಎಂಥ ಕೇಳೋದು ಗೌಡ್ರೇ?"

"ಇನ್ನೊಂದ್ಸಲ ಮಾರಾಯ್ತಿ. ನಾನು ಬೇಡ ಅಂದೆ. ಈಗ ಅದು, ‘ಅಯ್ಯೋ ಹಂಗಂದ್ರೆ ಹೆಂಗೆ’ ಅನ್ಬೇಕು."

"ಅದು ಅನ್ನಲ್ಲ. ನೀವು ಬೇಡ ಅಂದ್ರೆ ಅದಕ್ಕೆ ಬೇಡ ಅಂತ್ಲೇ. ಇನ್ನು ಕೇಳೋದೇ ಇಲ್ಲ."

ಗೌಡ್ರಿಗೆ ನಿಜಕ್ಕೂ ಬೇಸರವಾಯಿತು. "ಒಂದೇ ಸಲ ಕೇಳಿ ಎದ್ದು ಹೋಗೋದಾ? ಯಾವ ಕಡೇದು ಇದು? ಘಟ್ಟದ ಮೇಲಿಂದಂತೂ ಅಲ್ಲ ಬಿಡು."

ಮೇಸ್ತ್ರಿಯೂ ತಲೆಯಾಡಿಸಿದ.

ತಪ್ಪು ಅವರದಲ್ಲ. ನಮ್ಮ ಕಡೆ ಯಾರ ಮನೆಗೇ ಹೋಗಿ, ಕಾಫಿ ಕುಡೀತೀರಾ ಎಂದರೆ ಮೊದಲ ಉತ್ತರ ‘ಬೇಡ, ಈಗಷ್ಟೇ ಆಯ್ತು’. ಎರಡನೆಯದು ‘ಸುಮ್ನೆ ಯಾಕೆ ತೊಂದ್ರೆ’. ಮೂರನೇ ಸಲಕ್ಕೆ ‘ಹೂಂ, ಒಂದು ಚೂರು’. ಮೊದಲ ಸಲಕ್ಕೇ ಹೂಂ ಎಂದವನು ಹಸಿದು ಬಂದವನು. ಒಂದೇ ಸಲ ಕೇಳಿ ಬಿಟ್ಟವನು ಜಿಪುಣ. ಬ್ರೌಸರ್ ಮಾಡಿದವರಿಗೆ ಇದನ್ನು ಯಾರೂ ಹೇಳಿಲ್ಲ.

ನಾನು ಒಂದು ಉಪಾಯ ಮಾಡಿದೆ. ಮೊದಲೆರಡು ಸಲ ನನ್ನ ಪುಟವೇ ಕೇಳುವುದು. "ಎಲ್ಲಿದ್ದೀರಿ ಅಂತ ಹೇಳ್ತೀರಾ?" ಬೇಡ ಎಂದರೆ, "ಅಯ್ಯೋ, ಹಂಗಂದ್ರೆ ಹೆಂಗೆ?" ಮತ್ತೆ ಬೇಡ ಎಂದರೆ, "ಒಂದು ಚೂರು." ಆ ಮಾತಿನ ಜೊತೆಗೇ, ಮೂರನೆಯದಾಗಿ, ಬ್ರೌಸರಿನ ನಿಜವಾದ ಪ್ರಶ್ನೆ. ಮೊದಲಿಗೇ ಹೂಂ ಎನ್ನುವವರಿದ್ದರೆ ನೇರ ಅಲ್ಲಿಗೇ ಹೋಗಬಹುದು. ಹಳೆಯ ಉತ್ತರಗಳನ್ನು ಅಳಿಸಿ ಫೋನುಗಳನ್ನು ಮತ್ತೆ ಕೊಟ್ಟೆ.

ಗೌಡ್ರು ಬೇಡ, ಬೇಡ, ಹೂಂ. ಮೇಸ್ತ್ರಿ ಬೇಡ, ಬೇಡ, ಹೂಂ. ಇಬ್ಬರಿಗೂ ತೃಪ್ತಿಯಾಯಿತು.

ಅಕ್ಕ ಮಾತ್ರ ಎರಡು ಸಲವೂ ಮೊದಲಿಗೇ ‘ಹೂಂ’ ಒತ್ತಿದ್ದಳು. ಗೌಡ್ರು ನಕ್ಕರು. "ನಾವು ಹೆಣ್ಣು ನೋಡೋಕೆ ಹೋದಾಗ್ಲೂ ಹಂಗೇ. ಇವ್ಳು ಮೊದಲ್ನೇ ಸಲಕ್ಕೇ ಹೂಂ ಅಂದ್ಬಿಟ್ಲು."

"ಅದಕ್ಕೇ ಮಾವ," ಎಂದಳು ಅಕ್ಕ, "ಇವತ್ತು ಗೋಡೌನಿನ ಬಾಗ್ಲಲ್ಲಿ ನಿಂತಿರೋದು."

೬. ಹತ್ತಿರದ ದಾರಿ

ದೂರ ತೋರಿಸುವ ಪದದಲ್ಲಿ ಒಂದು ವಿಷಯವಿತ್ತು. ಅದು ತೋರಿಸುವುದು ನೇರ ಗೆರೆಯ ದೂರ. ಗುಡ್ಡದ ಆಚೆ ಟಾರು ರಸ್ತೆಯ ಪಕ್ಕ ಒಂದು ಟೀ ಅಂಗಡಿ ಇದೆ. ಅಲ್ಲಿಂದ ನಮ್ಮಲ್ಲಿಗೆ ರಸ್ತೆಯಲ್ಲಿ ಬಂದರೆ ಗುಡ್ಡ ಸುತ್ತಿ ಅರ್ಧ ಗಂಟೆ. ಪುಟದಲ್ಲಿ ಮಾತ್ರ ‘ಎರಡು ಕಿಲೋಮೀಟರ್’.

ಇದನ್ನು ಅಕ್ಕನಿಗೆ ಹೇಳಿದೆ. "ಎರಡೇ ಚೆನ್ನಾಗಿದೆ, ಇರ್ಲಿ," ಎಂದಳು. ಗೌಡ್ರಿಗೂ ಹೇಳಿದೆ. "ಸುಳ್ಳೇನಲ್ಲ. ನಮ್ಮಪ್ಪ ಗುಡ್ಡ ಹತ್ತಿ ಹಂಗೇ ಇಳೀತಿದ್ರು," ಎಂದರು. ಹಾಗೇ ಬಿಟ್ಟೆ.

ಗೌಡ್ರು ದಿನಾ ಬೆಳಗ್ಗೆ ಕಣಕ್ಕೆ ಹೋಗಿ, ಒಂದು ಬೀಜ ಎತ್ತಿ ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಅಕ್ಕ ಕಿಟಕಿಯಿಂದ ಅವರ ದವಡೆಯನ್ನು ನೋಡುತ್ತಿದ್ದಳು. "ಇನ್ನೂ ಮೆತ್ತಗಿದೆ," ಎಂದರೆ ಅವಳಿಗೆ ಇನ್ನೊಂದು ದಿನ ಸಿಕ್ಕ ಹಾಗೆ.

ಹೀಗಿರುವಾಗ ಕಿಟಕಿ ಮಾತಾಡಿತು. ಹೊಸ ಬುಕಿಂಗ್ ಬಂದಿದೆ. ಬೆಂಗಳೂರಿನಿಂದ ನಾಲ್ಕು ಜನ. ಶುಕ್ರವಾರ ಬೆಳಗ್ಗೆ.

ಶುಕ್ರವಾರ ಬೆಳಗ್ಗೆ ಗೌಡ್ರು ಬೀಜ ಕಚ್ಚಿದರು. ಕಟ್ ಎಂದಿತು. ನಾನು ಜಗಲಿಯಲ್ಲಿದ್ದೆ. ನನಗೂ ಕೇಳಿಸಿತು.

"ಇವತ್ತು ಬರ್ತಾರೆ ಮಾವ," ಎಂದಳು ಅಕ್ಕ.

"ಬರ್ಲಿ. ಮಧ್ಯಾಹ್ನ ಮೂರರ ತನಕ ನಾನೂ ಕಾಯ್ತೀನಿ." ಅಂದು ಅವರಿಗೆ ಬೇರೆ ತಲೆಬಿಸಿಯೂ ಇತ್ತು. ತೋಟದ ಮೇಲ್ಭಾಗ ಹಣ್ಣಾಗಿ ಕೆಂಪಗೆ ನಿಂತಿತ್ತು. ಕೊಯ್ಲಿಗೆ ಹೊರಗಿನಿಂದ ಜನ ಕಳಿಸುತ್ತೇನೆಂದ ಏಜೆಂಟ್ ಇನ್ನೂ ಕಳಿಸಿರಲಿಲ್ಲ.

ಅಕ್ಕ ರೊಟ್ಟಿ ಸುಟ್ಟಳು. ಹಾಸಿಗೆ ಕೊಡವಿ ಹಾಸಿದಳು. ಹತ್ತಾಯಿತು. ಹನ್ನೆರಡಾಯಿತು. ಫೋನ್ ಮಾಡಿದರೆ ಆ ಕಡೆಯವರು ಸಂಪರ್ಕಕ್ಕೆ ಸಿಗಲಿಲ್ಲ. ರೊಟ್ಟಿ ತಣ್ಣಗಾಯಿತು. ಅಕ್ಕ ಗೇಟಿನ ತನಕ ಹೋಗಿ ಬಂದಳು. ಮತ್ತೆ ಹೋಗಿ ಬಂದಳು. ಮೂರು ಗಂಟೆಗೆ ಗೌಡ್ರು ಕುರ್ಚಿಯಿಂದ ಎದ್ದು ಕಣದ ಕಡೆ ತಿರುಗಿ ಒಂದೇ ಪದ ಹೇಳಿದರು.

"ಮೂಟೆ."

ಕಣದಲ್ಲಿದ್ದವರು ಪಾರ್ಚ್‌ಮೆಂಟ್ ತುಂಬಿ ಹೊರತೊಡಗಿದರು. ಅಕ್ಕ ತಾನೇ ಹೋಗಿ ಹಾಸಿದ ಬೆಡ್‌ಶೀಟ್ ತೆಗೆದು ಮಡಚಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಣ್ಣು ತೂಗಿಸಲು ಹೊರಟ ಗೌಡ್ರ ಹಿಂದೆ ನಾನೂ ಹೋದೆ.

ತೂಕದ ಜಾಗದಲ್ಲಿ ಕೊಯ್ಲಿನವರು ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಗೆ ನಾಲ್ಕು ಹೊಸ ಮುಖಗಳು. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ತಲೆಗೆ ಕ್ಯಾಪ್, ಕಾಲಿಗೆ ಶೂ, ಬಟ್ಟೆ ತುಂಬ ಅಂಟಿಕೊಂಡ ಹುಲ್ಲಿನ ಬೀಜ. ನಾಲ್ವರ ಕೈಯಲ್ಲೂ ಅರ್ಧ ತುಂಬಿದ ಚೀಲ.

"ಏಜೆಂಟ್ ಕಳಿಸಿದ ಜನ ಬಂದ್ರು ಗೌಡ್ರೇ," ಎಂದ ಮೇಸ್ತ್ರಿ ಹೆಮ್ಮೆಯಿಂದ. "ಬೆಳಗ್ಗೆ ಮೇಲಿನ ಬೇಲಿ ದಾಟಿ ಬಂದ್ರು. ಇದೇನಾ ಎಸ್ಟೇಟ್ ಅಂತ ಕೇಳಿದ್ರು. ಇದೇ, ಆಗ್ಲೇ ಲೇಟಾಯ್ತು ಅಂತ ಚೀಲ ಕೊಟ್ಟು ಮರಕ್ಕೆ ಬಿಟ್ಟೆ. ಕೆಲ್ಸ ಸುಮಾರು. ಆದ್ರೆ ಇಷ್ಟು ಖುಷಿಯಾಗಿ ಕೊಯ್ಯೋರನ್ನ ನಾನು ನೋಡಿಲ್ಲ. ಒಂದೊಂದು ಗೊಂಚಲಿಗೂ ಫೋಟೋ ತೆಗೀತಾರೆ."

ಗೌಡ್ರು ಒಂದು ಚೀಲಕ್ಕೆ ಕೈ ಹಾಕಿ ನೋಡಿದರು. "ಕಾಯಿನೂ ಕಿತ್ತಿದಾರಲ್ಲೋ. ಯಾವ ಕಡೆಯವ್ರಪ್ಪ ನೀವು?"

"ಬೆಂಗಳೂರು ಸರ್."

"ಕೊಯ್ಲಿಗೆ ಅಲ್ಲಿಂದ ಬಂದ್ರಾ?"

"ಹೌದು ಸರ್, ಬುಕ್ ಮಾಡಿದ್ವಲ್ಲ," ಎಂದಳು ಒಬ್ಬ ಹುಡುಗಿ. "ಎರಡೇ ಕಿಲೋಮೀಟರ್ ಅಂತ ತೋರಿಸ್ತು. ಕಾರ್ ಟೀ ಅಂಗಡಿ ಹತ್ರ ಬಿಟ್ಟು ಗುಡ್ಡ ಹತ್ತಿ ಬಂದ್ವಿ. ತೋಟದ ಅನುಭವ ಅಂತ ಪುಟದಲ್ಲಿ ಬರೆದಿದ್ರಿ, ಆದ್ರೆ ಇಷ್ಟು ನಿಜವಾಗಿ ಮಾಡಿಸ್ತೀರಿ ಅಂದ್ಕೊಂಡಿರ್ಲಿಲ್ಲ. ಊಟಾನೂ ಎಲ್ರೂ ಅವರವರ ಬುತ್ತಿಯಿಂದ ಕೊಟ್ರು. ಇವ್ರು ಮಾತ್ರ ಸ್ವಲ್ಪ ಬೈತಾರೆ." ಮೇಸ್ತ್ರಿಯ ಕಡೆ ತೋರಿಸಿದಳು. "ರೂಮ್ ಎಲ್ಲಿ ಸರ್?"

"ರೂಮಾ? ಕೂಲಿಯವ್ರ ಲೈನ್ ಮನೆ ಆ ಕಡೆ ಇದೆ, ಸಂಜೆ ತೋರಿಸ್ತೀನಿ," ಎಂದ ಮೇಸ್ತ್ರಿ.

ಹುಡುಗಿ ತನ್ನ ಫೋನ್ ಮುಂದೆ ಹಿಡಿದಳು. ಪರದೆಯ ಮೇಲೆ ನಮ್ಮ ಗೋಡೌನಿನ ಕೆಂಪು ಬಾಗಿಲು.

ಗೌಡ್ರು ಪರದೆ ನೋಡಿದರು. ನನ್ನನ್ನು ನೋಡಿದರು. ನಾಲ್ಕು ಚೀಲಗಳನ್ನು ನೋಡಿದರು. ಮೇಸ್ತ್ರಿ ಮೆಲ್ಲಗೆ ಟೋಪಿ ತೆಗೆದ.

"ಕಾಫಿ ಕುಡೀತೀರಾ?" ಎಂದರು ಗೌಡ್ರು.

"ಬೇಡ ಸರ್, ಪರವಾಗಿಲ್ಲ."

"ಅಯ್ಯೋ, ಹಂಗಂದ್ರೆ ಹೆಂಗೆ?"

"ಸುಮ್ನೆ ನಿಮಗೆ ತೊಂದ್ರೆ..."

"ಒಂದು ಚೂರು."

"ಸರಿ ಸರ್."

ಗೌಡ್ರು ನನ್ನ ಕಡೆ ತಿರುಗಿ, "ಬೆಂಗಳೂರಾದ್ರೂ ನಮ್ಮ ಥರದವ್ರೇ," ಎಂದರು. ಅಲ್ಲಿಂದ ಮನೆಗೆ ಅವರು ನಡೆದ ವೇಗಕ್ಕೆ ನಾವು ಐವರೂ ಹಿಂದೆ ಬಿದ್ದೆವು. ಅಷ್ಟು ಹೊತ್ತಿಗೆ ಒಂದು ರೂಮಿನ ಅರ್ಧ ತುಂಬಿತ್ತು. ಗೌಡ್ರು ಕೆಂಪು ಬಾಗಿಲಿನ ಮುಂದೆ ನಿಂತು ಮತ್ತೆ ಒಂದೇ ಪದ ಹೇಳಿದರು.

"ರೂಮ್."

ಎಲ್ಲಿಗೆ ಒಯ್ಯಬೇಕು, ಹೇಗೆ ಒಯ್ಯಬೇಕು ಎನ್ನಲಿಲ್ಲ. ಒಳಗೆ ಹೋದ ಮೂಟೆಗಳು ಹೋದದ್ದಕ್ಕಿಂತ ಬೇಗ ಹೊರಬಂದು, ಜಗಲಿಯಲ್ಲಿ ಗೌಡ್ರ ಕುರ್ಚಿ ಇದ್ದ ಜಾಗದಲ್ಲೇ ಒಂದರ ಮೇಲೊಂದು ಕೂತವು. ಮಡಚಿದ ಬೆಡ್‌ಶೀಟನ್ನು ಎದೆಗೊತ್ತಿಕೊಂಡು ಅಕ್ಕ ಓಡಿ ಬಂದಳು.

"ದಾರಿ ಬಿಡಿ ಮಾವ, ಬ್ರೌಸರ್ ಬಂತು!"

ಅವರು ದುಡ್ಡು ಕೊಟ್ಟು ಮಲಗಿದರು. ಬೆಳಗ್ಗೆ ಎದ್ದು, ಇವತ್ತೂ ಕೊಯ್ಯಬಹುದಾ ಎಂದು ಕೇಳಿದರು. ಮೇಸ್ತ್ರಿ ಬಹಳ ಮರ್ಯಾದೆಯಿಂದ ಚೀಲ ಕೊಟ್ಟ. ಹೊರಡುವಾಗ ಗೌಡ್ರು ನ್ಯಾಯಕ್ಕೆ ತಪ್ಪಬಾರದೆಂದು, ಎರಡು ದಿನದ ಕೂಲಿ ತಗೊಳ್ತೀರಾ ಎಂದು ವಿಚಾರಿಸಿದರು. ಬೇಡ ಸರ್ ಎಂದರು ಅವರು. ಜೀವನದಲ್ಲಿ ಮೊದಲ ಬಾರಿಗೆ ಗೌಡ್ರು ಒಂದೇ ಸಲ ಕೇಳಿ ಸುಮ್ಮನಾದರು.

ಕಾರು ಹೋದ ಮೇಲೆ ನಾನು ಜಗಲಿಯಲ್ಲಿ ಮೂಟೆಗೆ ಒರಗಿ ಲ್ಯಾಪ್‌ಟಾಪ್ ತೆರೆದೆ. ಗೌಡ್ರು ಇನ್ನೊಂದು ಮೂಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಎಂಥ ಮಾಡ್ತಿದೀಯ?"

"ದೂರ ಸರಿ ಮಾಡ್ತಿದೀನಿ ಗೌಡ್ರೇ. ರಸ್ತೆ ದಾರಿ ತೋರಿಸೋ ಹಂಗೆ. ಇಲ್ದಿದ್ರೆ ಮುಂದಿನ ವಾರದವ್ರೂ ಗುಡ್ಡ ಹತ್ತಿ, ಬೇಲಿ ದಾಟಿ, ಸೀದಾ ಮೇಸ್ತ್ರಿ ಕೈಗೆ ಸಿಕ್ತಾರೆ."

ಗೌಡ್ರು ತೋಟದ ಮೇಲ್ಭಾಗವನ್ನು ನೋಡಿದರು. ಇನ್ನೂ ಕೆಂಪಾಗಿಯೇ ಇತ್ತು. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಲ್ಯಾಪ್‌ಟಾಪಿನ ಮುಚ್ಚಳವನ್ನು ತಾವೇ ನಿಧಾನಕ್ಕೆ ಮುಚ್ಚಿದರು.

"ಕೊಯ್ಲು ಮುಗೀಲಿ ಮಾರಾಯ್ತಿ. ಆಮೇಲೆ ಸರಿ ಮಾಡುವಿಯಂತೆ."